ಕಾಲು ಮೈಲಿ ಓಡಿ ಮನೆಗೂ ಮರಳುವ ಕಾರು

ಮಸಲ್ ಕಾರನ್ನು, ಅಂದರೆ ದೊಡ್ಡ ಎಂಜಿನ್ನಿನ ಶಕ್ತಿಶಾಲಿ ಅಮೆರಿಕನ್ ಕಾರನ್ನು, ಮಾರ್ಪಡಿಸುವ ಮಾತು ಬಂದಾಗ ಬಹುತೇಕ ಎಲ್ಲರೂ ಮೊದಲು ಕೇಳುವುದು ಎಂಜಿನ್ನಿನ ಅಶ್ವಶಕ್ತಿಯನ್ನು ಎಷ್ಟರವರೆಗೆ ಏರಿಸಬಹುದು ಎಂದು. ಈ ಉಪನ್ಯಾಸದಲ್ಲಿ ನಾನು ಎಂಜಿನ್ನಿಗೆ ಬರುವುದು ಬಹಳ ತಡವಾಗಿ. ವಾರವೆಲ್ಲ ಕಚೇರಿಗೆ ಓಡಾಡಿ, ಶನಿವಾರ ಡ್ರ್ಯಾಗ್ ಸ್ಟ್ರಿಪ್‌ನಲ್ಲಿ (ನೇರ ಓಟದ ಪಂದ್ಯದ ಹಾದಿಯಲ್ಲಿ) ಓಡಿ, ಅದೇ ಸಂಜೆ ಅದೇ ಕಾರಿನಲ್ಲಿ ಮನೆ ಸೇರಬೇಕು ಎನ್ನುವವರು ಹಣವನ್ನು ನೆಲದ ಕಡೆಯಿಂದ ಮೇಲಕ್ಕೆ ಖರ್ಚು ಮಾಡುತ್ತ ಹೋಗಬೇಕು ಎಂಬುದು ನನ್ನ ವಾದ. ಮೊದಲು ಟೈರು, ಆಮೇಲೆ ಹಿಂದಿನ ಸಸ್ಪೆನ್ಷನ್, ಅದಾದ ಮೇಲೆ ಶಕ್ತಿಯನ್ನು ಚಕ್ರಕ್ಕೆ ಒಯ್ಯುವ ಷಾಫ್ಟುಗಳು, ಎಲ್ಲ ಮುಗಿದ ಮೇಲೆ ಎಂಜಿನ್.

ಮಾತು ಗಾಳಿಯಲ್ಲಿ ತೇಲಬಾರದೆಂದು ಒಂದೇ ಕಾರನ್ನು ಹಿಡಿದುಕೊಳ್ಳುತ್ತೇನೆ. 2018ರಿಂದ 2021ರವರೆಗಿನ ಫೋರ್ಡ್ ಮಸ್ಟಾಂಗ್ ಜಿಟಿ, ನಮ್ಮ ಮಿಶಿಗನ್ನಿನ ಫ್ಲ್ಯಾಟ್ ರಾಕ್ ಕಾರ್ಖಾನೆಯಲ್ಲಿ ತಯಾರಾದದ್ದು. ಕೊಯೋಟಿ ಎಂದು ಕರೆಯುವ 5 ಲೀಟರಿನ ವಿ8 ಎಂಜಿನ್, 460 ಅಶ್ವಶಕ್ತಿ, ಸುಮಾರು 569 ನ್ಯೂಟನ್ ಮೀಟರ್ ಟಾರ್ಕ್, ಬೇಕೆಂದವರಿಗೆ 10 ಗೇರುಗಳ ಆಟೊಮ್ಯಾಟಿಕ್. ಡಾಜ್ ಚಾಲೆಂಜರ್ ಅಥವಾ ಶೆವ್ರೊಲೆ ಕಮಾರೊ ಇರುವವರು ಬೇಸರಪಡಬೇಕಾಗಿಲ್ಲ, ಭಾಗಗಳ ಹೆಸರು ಬದಲಾದರೂ ತರ್ಕ ಬದಲಾಗುವುದಿಲ್ಲ. ಇನ್ನೊಂದು ವಿಷಯವನ್ನು ಈಗಲೇ ಹೇಳಿಬಿಡುತ್ತೇನೆ. ಇಲ್ಲಿಗೆ ಹತ್ತಿರದ ವುಡ್‌ವರ್ಡ್ ಅವೆನ್ಯೂದಲ್ಲಿ 1960ರ ದಶಕದಲ್ಲಿ ರಾತ್ರಿ ಹೊತ್ತು ಒಂದು ಸಿಗ್ನಲ್ಲಿನಿಂದ ಮುಂದಿನ ಸಿಗ್ನಲ್ಲಿಗೆ ಕಾರು ಓಡಿಸುತ್ತಿದ್ದವರ ಕಥೆಗಳನ್ನು ನೀವು ಕೇಳಿರುತ್ತೀರಿ. ರಸ್ತೆಯ ಬಳಕೆ ಎಂದು ನಾನು ಹೇಳುವಾಗ ಅದು ನನ್ನ ಮನಸ್ಸಿನಲ್ಲಿಲ್ಲ. ಮಳೆ, ಟ್ರಾಫಿಕ್ಕು, ಗುಂಡಿ, ಹಿಂದಿನ ಸೀಟಿನಲ್ಲಿ ಮಗು, ಇದು ನನ್ನ ಅರ್ಥದ ರಸ್ತೆ. ಪಂದ್ಯ ನಡೆಯಬೇಕಾದದ್ದು ಪಂದ್ಯದ ಜಾಗದಲ್ಲಿ.

ಆ ಜಾಗದ ಪರಿಚಯ ಇಲ್ಲದವರಿಗಾಗಿ ಎರಡು ಮಾತು. ಡ್ರ್ಯಾಗ್ ಪಂದ್ಯವೆಂದರೆ ನಿಂತ ಸ್ಥಿತಿಯಿಂದ ಹೊರಟು ಕಾಲು ಮೈಲಿ, ಅಂದರೆ 1320 ಅಡಿ ಅಥವಾ 402 ಮೀಟರ್, ನೇರವಾಗಿ ಓಡುವುದು. ಆರಂಭದ ರೇಖೆಯಲ್ಲಿ ಬೆಳಕಿನ ಕಿರಣಗಳಿವೆ, ಮುಂದಿನ ಚಕ್ರ ಆ ಕಿರಣವನ್ನು ಬಿಟ್ಟ ಕ್ಷಣದಿಂದ ಗಡಿಯಾರ ಓಡುತ್ತದೆ. ಹಸಿರು ದೀಪ ಕಂಡ ಮೇಲೆ ನೀವು ಎಷ್ಟು ತಡವಾಗಿ ಹೊರಟಿರಿ ಎಂಬುದು ಓಟದ ಸಮಯದಲ್ಲಿ ಸೇರುವುದಿಲ್ಲ, ಅದು ಬೇರೆ ಅಂಕಿ. ಓಟ ಮುಗಿದ ಮೇಲೆ ಕೈಗೆ ಒಂದು ಚೀಟಿ ಬರುತ್ತದೆ. ಅದರಲ್ಲಿ ಹಲವು ಅಂಕಿಗಳಿದ್ದರೂ ನಮಗೆ ಬೇಕಾದವು ಮೂರು: ಮೊದಲ 60 ಅಡಿಯನ್ನು ದಾಟಿದ ಸಮಯ, ಇಡೀ ಓಟದ ಸಮಯ, ಕೊನೆಯಲ್ಲಿ ದಾಖಲಾದ ವೇಗ. ಕೊನೆಯ ವೇಗ ಎಂಜಿನ್ನಿನ ಶಕ್ತಿಯನ್ನು ಹೇಳುತ್ತದೆ, 60 ಅಡಿಯ ಸಮಯ ಆ ಶಕ್ತಿಯಲ್ಲಿ ಎಷ್ಟು ನೆಲಕ್ಕೆ ತಲುಪಿತು ಎಂಬುದನ್ನು ಹೇಳುತ್ತದೆ.

ಈಗ ನನ್ನ ವಾದಕ್ಕೆ ಆಧಾರವಾದ ಲೆಕ್ಕ. ಡ್ರ್ಯಾಗ್ ಓಟಗಾರರು ಬಹಳ ಕಾಲದಿಂದ ಬಳಸುತ್ತಿರುವ ಒಂದು ಸ್ಥೂಲ ಸೂತ್ರವಿದೆ. ಕಾರಿನ ತೂಕವನ್ನು ಪೌಂಡುಗಳಲ್ಲಿ ತೆಗೆದುಕೊಂಡು ಅಶ್ವಶಕ್ತಿಯಿಂದ ಭಾಗಿಸಿ, ಬಂದ ಸಂಖ್ಯೆಯ ಘನಮೂಲವನ್ನು 5.825ರಿಂದ ಗುಣಿಸಿದರೆ ಕಾಲು ಮೈಲಿಯ ಸಮಯ ಸೆಕೆಂಡುಗಳಲ್ಲಿ ಸಿಗುತ್ತದೆ. ಚಾಲಕನೂ ಸೇರಿ 3900 ಪೌಂಡು, ಅಂದರೆ ಸುಮಾರು 1770 ಕಿಲೋ ತೂಗುವ ನಮ್ಮ ಮಸ್ಟಾಂಗಿಗೆ 460 ಅಶ್ವಶಕ್ತಿಯಲ್ಲಿ 11.9 ಸೆಕೆಂಡು ಬರುತ್ತದೆ. ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರ್ ಕೂರಿಸಿ 700 ಅಶ್ವಶಕ್ತಿ ಮಾಡಿದಿರಿ ಎನ್ನಿ, 10.3ರ ಆಸುಪಾಸಿಗೆ ಇಳಿಯುತ್ತದೆ. ಶಕ್ತಿ ಏರಿದ್ದು ನೂರಕ್ಕೆ 52ರಷ್ಟು, ಸಮಯ ಇಳಿದದ್ದು ನೂರಕ್ಕೆ ಸುಮಾರು 13ರಷ್ಟು ಮಾತ್ರ. ಘನಮೂಲದ ಸ್ವಭಾವವೇ ಹಾಗೆ, ಸುರಿದದ್ದರಲ್ಲಿ ಸಣ್ಣ ಪಾಲನ್ನಷ್ಟೇ ಹಿಂದಿರುಗಿಸುತ್ತದೆ. ಅದೂ ಈ ಸೂತ್ರವು ಟೈರು ಜಾರುವುದಿಲ್ಲ ಎಂದು ನಂಬಿಕೊಂಡಿದೆ. ಕಾರ್ಖಾನೆಯ ಬೇಸಿಗೆ ಟೈರುಗಳ ಮೇಲೆ 700 ಅಶ್ವಶಕ್ತಿಯ ಕಾರು ಮೊದಲ ಎರಡು ಮೂರು ಗೇರುಗಳಲ್ಲಿ ಹೊಗೆ ಎಬ್ಬಿಸುತ್ತದೆಯೇ ಹೊರತು ಮುಂದಕ್ಕೆ ಹೋಗುವುದಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಗಾದೆಯನ್ನು ಸ್ಟ್ರಿಪ್‌ನಲ್ಲಿ ಕಣ್ಣಾರೆ ಕಾಣಬೇಕೆಂದರೆ ಅಂಥ ಕಾರಿನ ಮೊದಲ ಓಟ ನೋಡಬೇಕು.

ಇದಕ್ಕೆ ಎದುರಾಗಿ 60 ಅಡಿಯ ಲೆಕ್ಕವನ್ನಿಡಿ. ಆ ಮೊದಲ 18 ಮೀಟರಿನಲ್ಲಿ ಒಂದು ಸೆಕೆಂಡಿನ ಹತ್ತನೇ ಒಂದು ಭಾಗ ಉಳಿಸಿದರೆ ಓಟದ ಕೊನೆಯಲ್ಲಿ ಅದು ಒಂದೂವರೆಯಿಂದ ಎರಡು ಪಟ್ಟಾಗಿ ಬರುತ್ತದೆ, ಏಕೆಂದರೆ ಬೇಗ ಗಳಿಸಿದ ವೇಗವನ್ನು ಕಾರು ಉಳಿದ ದೂರವೆಲ್ಲ ಹೊತ್ತೊಯ್ಯುತ್ತದೆ. ರಸ್ತೆಯ ಟೈರಿನಲ್ಲಿ 2.0 ಸೆಕೆಂಡು ತೆಗೆದುಕೊಳ್ಳುವ ಮಸ್ಟಾಂಗ್ ಡ್ರ್ಯಾಗ್ ಓಟಕ್ಕೆಂದೇ ಮಾಡಿದ ಒಳ್ಳೆಯ ಡ್ರ್ಯಾಗ್ ರೇಡಿಯಲ್ ಟೈರಿನಲ್ಲಿ 1.7ಕ್ಕೆ ಇಳಿದರೆ ಒಟ್ಟು ಸಮಯದಲ್ಲಿ ಸುಮಾರು ಅರ್ಧ ಸೆಕೆಂಡು ಕಡಿಮೆಯಾಗುತ್ತದೆ. ಎಂಜಿನ್ನಿನ ಒಂದು ಬೋಲ್ಟನ್ನೂ ಮುಟ್ಟದೆ.

ಆದ್ದರಿಂದ ಟೈರಿನ ಬಳಿ ಸ್ವಲ್ಪ ಹೊತ್ತು ನಿಲ್ಲೋಣ. ಈ ಕಾರಿನ ಪರ್ಫಾರ್ಮೆನ್ಸ್ ಪ್ಯಾಕೇಜಿನಲ್ಲಿ ಹಿಂದೆ ಬರುವುದು 275/40 ಅಳತೆಯ 19 ಇಂಚಿನ ಟೈರು, ಅಂದರೆ ಅಗಲ 275 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಆ ಅಗಲದ ನೂರಕ್ಕೆ 40ರಷ್ಟು, ಚಕ್ರದ ವ್ಯಾಸ 19 ಇಂಚು. ಡ್ರ್ಯಾಗ್ ಓಟಕ್ಕೆ ಹೆಚ್ಚಿನವರು ಆಯ್ದುಕೊಳ್ಳುವುದು 305/45 ಅಳತೆಯ 17 ಇಂಚಿನದು. ಲೆಕ್ಕ ಹಾಕಿ ನೋಡಿ, ಹೊರಗಿನ ವ್ಯಾಸ ಮೊದಲನೆಯದರಲ್ಲಿ ಸುಮಾರು 703 ಮಿಲಿಮೀಟರ್, ಎರಡನೆಯದರಲ್ಲಿ 706. ಹೆಚ್ಚುಕಡಿಮೆ ಒಂದೇ ಆದ್ದರಿಂದ ವೇಗಮಾಪಕವೂ ಎಬಿಎಸ್ ಕೂಡ ಗೊಂದಲಕ್ಕೆ ಬೀಳುವುದಿಲ್ಲ. ವ್ಯತ್ಯಾಸವಿರುವುದು ಪಕ್ಕದ ಗೋಡೆಯ ಎತ್ತರದಲ್ಲಿ: 110 ಮಿಲಿಮೀಟರ್ ಇದ್ದದ್ದು 137 ಆಗುತ್ತದೆ. ಕಾರು ಹೊರಡುವ ಕ್ಷಣದಲ್ಲಿ ಆ ಎತ್ತರದ ಗೋಡೆ ಸುಕ್ಕುಗಟ್ಟಿ ಹೊಡೆತವನ್ನು ತಾನು ನುಂಗುತ್ತದೆ, ನೆಲಕ್ಕೆ ತಾಗುವ ಭಾಗವೂ ಉದ್ದವಾಗುತ್ತದೆ. ಸ್ಟ್ರಿಪ್‌ನಲ್ಲಿ ಗಾಳಿಯ ಒತ್ತಡವನ್ನು 20 ಪಿಎಸ್‌ಐ ಅಥವಾ ಅದಕ್ಕೂ ತುಸು ಕೆಳಗೆ ಇಳಿಸುವುದು ಇದೇ ಕಾರಣಕ್ಕೆ.

ರಸ್ತೆಗೆ ಬಂದಾಗ ಇದೇ ಗುಣ ದೋಷವಾಗುತ್ತದೆ. ಮೆತ್ತಗಿನ ಗೋಡೆಯ ಟೈರಿನಲ್ಲಿ ಹೆದ್ದಾರಿಯಲ್ಲಿ ಪಥ ಬದಲಿಸಿದರೆ ಕಾರಿನ ಹಿಂಭಾಗ ಅರೆಕ್ಷಣ ತಡವಾಗಿ ಹಿಂಬಾಲಿಸಿದಂತೆ ಅನಿಸುತ್ತದೆ. ಗೆರೆಗಳೇ ವಿರಳವಾದ ಡ್ರ್ಯಾಗ್ ರೇಡಿಯಲ್‌ಗಳು ನಿಂತ ನೀರಿನ ಮೇಲೆ ತೇಲಿಬಿಡುತ್ತವೆ, ಚಳಿಗಾಲದಲ್ಲಿ ಮರದಂತೆ ಗಟ್ಟಿಯಾಗುತ್ತವೆ. ರಸ್ತೆಗೆ ಕಾನೂನುಸಮ್ಮತ ಎಂಬ ಮುದ್ರೆ ಟೈರಿನ ಮೇಲೆ ಇದ್ದ ಮಾತ್ರಕ್ಕೆ ಅದು ಮಳೆಗೆ ಯೋಗ್ಯ ಎಂದರ್ಥವಲ್ಲ. ನನ್ನ ಅಭಿಪ್ರಾಯದಲ್ಲಿ ಎರಡು ಹೆಚ್ಚುವರಿ ಚಕ್ರಗಳಿಗೆ ಅಂಥ ಟೈರು ಹಾಕಿಸಿಟ್ಟುಕೊಂಡು, ಸ್ಟ್ರಿಪ್‌ಗೆ ಹೋಗುವ ದಿನ ಮಾತ್ರ ಕೂರಿಸುವುದು ಸರಿಯಾದ ದಾರಿ. ಜಾಗವಿಲ್ಲದವರು ಗೆರೆಗಳು ಹೆಚ್ಚಿರುವ ಬಗೆಯನ್ನು ಕೊಂಡು, ಒಂದಷ್ಟು ಹಿಡಿತವನ್ನು ಬಿಟ್ಟುಕೊಡಬೇಕು. ಮತ್ತೆ, ಸ್ಟ್ರಿಪ್‌ನ ನೆಲಕ್ಕೆ ಅಂಟುವ ರಾಸಾಯನಿಕ ಸಿಂಪಡಿಸಿ, ಮೇಲೆ ರಬ್ಬರು ಕೂರಿಸಿರುತ್ತಾರೆ. ಬೂಟಿನ ಅಟ್ಟೆ ಕಿತ್ತುಬರುವಷ್ಟು ಅಂಟು. ಅಲ್ಲಿ ಹಿಡಿದ ಕಾರು ಊರಿನ ರಸ್ತೆಯಲ್ಲೂ ಹಾಗೆಯೇ ಹಿಡಿಯುತ್ತದೆ ಎಂದು ಯಾರೂ ಭಾವಿಸಬಾರದು.

ಇಲ್ಲಿ ಒಂದು ಅಡ್ಡಮಾತು. ಆರಂಭದ ರೇಖೆಗೆ ಮುನ್ನ ನೀರು ಹಾಕಿದ ಜಾಗವೊಂದಿರುತ್ತದೆ, ಅಲ್ಲಿ ಚಕ್ರ ತಿರುಗಿಸಿ ಟೈರನ್ನು ಬಿಸಿ ಮಾಡುತ್ತಾರೆ. ಸಾಮಾನ್ಯ ರಸ್ತೆ ಟೈರಿನಲ್ಲಿ ಬಂದವರು ಆ ನೀರಿಗೆ ಇಳಿಯದೆ ಸುತ್ತಿ ಹೋಗಬೇಕು. ಇಳಿದರೆ ಟೈರಿನ ಗೆರೆಗಳಲ್ಲಿ ನೀರು ತುಂಬಿಕೊಂಡು ಆರಂಭದ ರೇಖೆಯವರೆಗೂ ಬರುತ್ತದೆ, ನಿಮ್ಮ ಓಟವೂ ಹಾಳು, ನಿಮ್ಮ ಹಿಂದೆ ನಿಂತವರದ್ದೂ ಹಾಳು. ಮುಂದಿನ ಬ್ರೇಕನ್ನಷ್ಟೇ ಹಿಡಿದು ಹಿಂದಿನ ಚಕ್ರಗಳನ್ನು ತಿರುಗಲು ಬಿಡುವ ಲೈನ್ ಲಾಕ್ ಎಂಬ ಸೌಲಭ್ಯವನ್ನು ಫೋರ್ಡ್ 2015ರಿಂದಲೇ ಮಸ್ಟಾಂಗ್ ಜಿಟಿಯಲ್ಲಿ ಕೊಡುತ್ತಿದೆ, 2018ರಲ್ಲಿ ಡ್ರ್ಯಾಗ್ ಓಟಕ್ಕೆಂದೇ ಒಂದು ಮೋಡ್ ಕೂಡ ಬಂತು. ಹಿಂದೆ ಓಟಗಾರರು ಗ್ಯಾರೇಜಿನಲ್ಲಿ ಕೂತು ಬ್ರೇಕಿನ ಕೊಳವೆಗೆ ವಾಲ್ವ್ ಜೋಡಿಸಿ ಮಾಡಿಕೊಳ್ಳುತ್ತಿದ್ದ ಕೆಲಸವಿದು.

ಟೈರು ಹಿಡಿಯತೊಡಗಿತು ಎನ್ನಿ. ಆಗ ಮುಂದಿನ ದುರ್ಬಲ ಕೊಂಡಿ ಬಯಲಾಗುತ್ತದೆ. 2014ರವರೆಗಿನ ಮಸ್ಟಾಂಗ್ ಜಿಟಿಯಲ್ಲಿ ಹಿಂದೆ ಒಂದೇ ಗಟ್ಟಿ ಆಕ್ಸಲ್ ಇತ್ತು, 2015ರಲ್ಲಿ ಎರಡೂ ಚಕ್ರಗಳಿಗೆ ಸ್ವತಂತ್ರ ಸಸ್ಪೆನ್ಷನ್ ಬಂತು. ತಿರುವುಗಳಲ್ಲಿ ಇದು ಬಹಳ ಒಳ್ಳೆಯದು, ಡ್ರ್ಯಾಗ್ ಓಟಗಾರರು ಮಾತ್ರ ಗೊಣಗಿದರು, ಗೊಣಗಿದ್ದಕ್ಕೆ ಕಾರಣವೂ ಇತ್ತು. ಈ ಸಸ್ಪೆನ್ಷನ್ನಿನ ಎಲ್ಲ ತೋಳುಗಳೂ ಸಬ್‌ಫ್ರೇಮ್ ಎಂಬ ಒಂದು ಚೌಕಟ್ಟಿಗೆ ಸೇರಿ, ಆ ಸಬ್‌ಫ್ರೇಮ್ ಕಾರಿನ ದೇಹಕ್ಕೆ ದಪ್ಪ ರಬ್ಬರ್ ಬುಷ್‌ಗಳ ಮೂಲಕ ಕೂತಿರುತ್ತದೆ. ಜೋರಾಗಿ ಹೊರಟಾಗ ರಬ್ಬರು ತಿರುಚಿಕೊಳ್ಳುತ್ತದೆ, ಟೈರು ಒಂದು ಕ್ಷಣ ಜಾರಿದೊಡನೆ ಬಿಡಿಸಿಕೊಳ್ಳುತ್ತದೆ, ಮತ್ತೆ ಟೈರು ಹಿಡಿದಾಗ ಮತ್ತೆ ತಿರುಚಿಕೊಳ್ಳುತ್ತದೆ. ಸೆಕೆಂಡಿಗೆ ಹಲವು ಸಲ ಇದು ನಡೆದು ಚಕ್ರ ನೆಲದ ಮೇಲೆ ಕುಣಿಯತೊಡಗುತ್ತದೆ. ವೀಲ್ ಹಾಪ್ ಎನ್ನುವುದು ಇದನ್ನೇ. ಕಾರಿನೊಳಗೆ ಕೂತವರಿಗೆ ಹಿಂದಿನಿಂದ ಯಾರೋ ಸುತ್ತಿಗೆಯಲ್ಲಿ ಬಡಿಯುತ್ತಿರುವಂತೆ ಕೇಳಿಸುತ್ತದೆ. ಆ ಒಂದೊಂದು ಬಡಿತವೂ ಚಕ್ರಕ್ಕೆ ಹೋಗುವ ಹಾಫ್ ಷಾಫ್ಟಿನ ಮೇಲೆ ಬೀಳುವ ಪೆಟ್ಟು. ಷಾಫ್ಟುಗಳು ತುಂಡಾಗುವುದು ಎಂಜಿನ್ನಿನ ಸ್ಥಿರವಾದ ಟಾರ್ಕಿಗಿಂತ ಹೆಚ್ಚಾಗಿ ಈ ಪೆಟ್ಟುಗಳಿಂದ.

ಪರಿಹಾರ ದುಬಾರಿಯಲ್ಲ. ಸಬ್‌ಫ್ರೇಮಿನ ಬುಷ್‌ಗಳೊಳಗೆ ಗಟ್ಟಿ ತುಂಡುಗಳನ್ನು ಸೇರಿಸುವುದು, ಸಬ್‌ಫ್ರೇಮ್ ಅಲುಗಾಡದಂತೆ ಹೆಚ್ಚುವರಿ ಬ್ರೇಸ್ ಕಟ್ಟುವುದು, ಚಕ್ರದ ದಿಕ್ಕನ್ನು ಹಿಡಿಯುವ ಲಿಂಕುಗಳ ರಬ್ಬರಿಗೆ ಬದಲಾಗಿ ಬೇರಿಂಗ್ ಹಾಕುವುದು. ಬೆಲೆ ತೆರಬೇಕಾದದ್ದು ಕಿವಿಯಲ್ಲಿ: ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಗೇರುಗಳ, ರಬ್ಬರು ನುಂಗುತ್ತಿದ್ದ ಸದ್ದು ಈಗ ಕ್ಯಾಬಿನ್ನಿಗೆ ಬರುತ್ತದೆ. ಪೂರ್ತಿ ಲೋಹದ ಬುಷ್ ಹಾಕಿಸಿಕೊಂಡವರು ಹೆದ್ದಾರಿಯಲ್ಲಿ ರೇಡಿಯೋ ಕೇಳುವ ಆಸೆ ಬಿಡಬೇಕಾಗುತ್ತದೆ. ವಾರವೆಲ್ಲ ಓಡಿಸುವ ಕಾರಿಗೆ ತುಂಡು ಸೇರಿಸಿದ ರಬ್ಬರ್ ಬುಷ್ ಸಾಕು ಎಂದು ನಾನು ಹೇಳುತ್ತೇನೆ, ಇದಕ್ಕೆ ಒಪ್ಪದ ಓಟಗಾರರು ಬೇಕಾದಷ್ಟಿದ್ದಾರೆ.

ತೂಕ ಹಿಂದಕ್ಕೆ ವಾಲುವುದರ ಬಗ್ಗೆಯೂ ಒಂದು ಲೆಕ್ಕ ಹೇಳುತ್ತೇನೆ. ಈ ಕಾರಿನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ 2.72 ಮೀಟರ್. ಗುರುತ್ವ ಕೇಂದ್ರ ನೆಲದಿಂದ ಸುಮಾರು ಅರ್ಧ ಮೀಟರ್ ಮೇಲಿದೆ ಎಂದುಕೊಂಡರೆ, ಗುರುತ್ವದಷ್ಟೇ ವೇಗೋತ್ಕರ್ಷದಲ್ಲಿ ಕಾರಿನ ತೂಕದ ನೂರಕ್ಕೆ 18ರಷ್ಟು ಭಾಗ ಮುಂದಿನಿಂದ ಹಿಂದಿನ ಚಕ್ರಗಳಿಗೆ ವರ್ಗವಾಗುತ್ತದೆ. ನಿಂತಾಗ ಹಿಂದೆ ನೂರಕ್ಕೆ 47ರಷ್ಟಿದ್ದ ಭಾರ ಹೊರಟಾಗ 65 ಆಗುತ್ತದೆ. ನೋಡಲು ಚೆಂದವೆಂದು ಕಾರನ್ನು ನೆಲಕ್ಕೆ ಹತ್ತಿರ ಇಳಿಸಿ, ಗಟ್ಟಿ ಸ್ಪ್ರಿಂಗ್ ಹಾಕಿಸಿದವರು ಗುರುತ್ವ ಕೇಂದ್ರವನ್ನೂ ಇಳಿಸಿ ಈ ಲಾಭವನ್ನು ಸ್ವಲ್ಪ ಕಳೆದುಕೊಳ್ಳುತ್ತಾರೆ. ಮೂತಿ ಬೇಗ ಏಳಲೆಂದು, ತಿರುವಿನಲ್ಲಿ ಕಾರು ಪಕ್ಕಕ್ಕೆ ವಾಲದಂತೆ ತಡೆಯುವ ಮುಂದಿನ ಆ್ಯಂಟಿ ರೋಲ್ ಬಾರನ್ನು ಬಿಚ್ಚಿಡುವ ರೂಢಿಯೂ ಇದೆ. ಸ್ಟ್ರಿಪ್‌ನಲ್ಲಿ ಬಿಚ್ಚಿದ್ದನ್ನು ಸ್ಟ್ರಿಪ್‌ನಲ್ಲೇ ಮತ್ತೆ ಕೂರಿಸಿ ಹೊರಡಿ.

ಷಾಫ್ಟುಗಳ ವಿಷಯ ಚಿಕ್ಕದು. ಡ್ರ್ಯಾಗ್ ರೇಡಿಯಲ್ ಮತ್ತು ಸೂಪರ್‌ಚಾರ್ಜರ್ ಎರಡೂ ಇರುವ ಕಾರಿಗೆ ಗಟ್ಟಿ ಹಾಫ್ ಷಾಫ್ಟುಗಳು ಬೇಕೇ ಬೇಕು. ಕಾರ್ಖಾನೆಯ ಎರಡು ತುಂಡಿನ ಉಕ್ಕಿನ ಡ್ರೈವ್ ಷಾಫ್ಟಿಗೆ ಬದಲು ಒಂದೇ ತುಂಡಿನ ಅಲ್ಯೂಮಿನಿಯಂ ಅಥವಾ ಕಾರ್ಬನ್ ಫೈಬರಿನದು ಹಾಕಿದರೆ ತೂಕ ಇಳಿಯುತ್ತದೆ, ಅದರ ಕೆಳಗೆ ಸುರಕ್ಷತಾ ಬಳೆಯನ್ನೂ ಕಟ್ಟಿಸಿ. ಗೇರಿನ ಅನುಪಾತ ಬದಲಿಸುವ ಹಳೆಯ ಸಲಹೆಯನ್ನು 10 ಗೇರುಗಳ ಕಾರಿಗೆ ಕಣ್ಣುಮುಚ್ಚಿ ಅನ್ವಯಿಸಬೇಡಿ. ಅದರ ಮೊದಲ ಗೇರಿನ ಅನುಪಾತವೇ 4.69, ಹಿಂದಿನ ಆಕ್ಸಲ್ಲಿನ ಅನುಪಾತವಾದ 3.55ರೊಂದಿಗೆ ಗುಣಿಸಿದರೆ ಎಂಜಿನ್ನಿನ ಟಾರ್ಕ್ 16 ಪಟ್ಟಿಗೂ ಮೇಲೆ ಹಿಗ್ಗಿ ಚಕ್ರ ಸೇರುತ್ತದೆ. ಕೊರತೆಯಿರುವುದು ಹಿಡಿತದಲ್ಲಿ.

ಈಗ ಎಂಜಿನ್. ಕೊಯೋಟಿಯ ಎಣ್ಣೆ ಪಂಪಿನ ಗೇರುಗಳನ್ನೂ ಎಂಜಿನ್ನಿನ ಮುಖ್ಯ ಷಾಫ್ಟಾದ ಕ್ರ್ಯಾಂಕಿನ ಮೇಲಿನ ಹಲ್ಲುಚಕ್ರವನ್ನೂ ಲೋಹದ ಪುಡಿಯನ್ನು ಒತ್ತಿ ಕಾಯಿಸಿ ಮಾಡಿರುತ್ತಾರೆ. ರಸ್ತೆಯ ಬಳಕೆಗೆ ಅವು ಧಾರಾಳವಾಗಿ ಸಾಕು. ಆದರೆ ಚಕ್ರ ಜಾರಿ ಎಂಜಿನ್ ಒಮ್ಮೆಲೇ ನಿಮಿಷಕ್ಕೆ 7500 ಸುತ್ತಿನ ಮಿತಿಗೆ ಬಡಿದು, ಮಿತಿಕಾರಕ ಇಂಧನ ಕಡಿದು, ಮತ್ತೆ ಬಿಟ್ಟು, ಮತ್ತೆ ಕಡಿಯುವಾಗ ಕ್ರ್ಯಾಂಕಿನಲ್ಲಿ ಹುಟ್ಟುವ ನಡುಕಕ್ಕೆ ಅವು ಬಿರುಕು ಬಿಡಬಹುದು. ಪಂಪು ನಿಂತರೆ ಎಣ್ಣೆಯ ಒತ್ತಡವಿಲ್ಲ, ಎಂಜಿನ್ ಕೆಲವೇ ಕ್ಷಣಗಳ ಅತಿಥಿ. ನಾನು ಟೈರಿನಿಂದ ಮಾತು ಆರಂಭಿಸಿದ್ದಕ್ಕೆ ಇನ್ನೊಂದು ಕಾರಣ ಇಲ್ಲಿದೆ: ಹಿಡಿತವಿಲ್ಲದ ಟೈರು ಸಮಯವನ್ನು ಕಳೆಯುವುದರ ಜೊತೆಗೆ ಎಂಜಿನ್ನನ್ನೂ ಕೊಲ್ಲಬಲ್ಲದು. ಸೂಪರ್‌ಚಾರ್ಜರ್ ಕೂರಿಸಲು ಎಂಜಿನ್ನಿನ ಮುಂಭಾಗ ಬಿಚ್ಚಿದಾಗಲೇ ಈ ಗೇರುಗಳನ್ನು ಗಟ್ಟಿ ಉಕ್ಕಿನಲ್ಲಿ ಕೊರೆದ ಗೇರುಗಳಿಗೆ ಬದಲಿಸಿಬಿಡಿ.

ಸೂಪರ್‌ಚಾರ್ಜರ್‌ಗಳಲ್ಲಿ ಎರಡು ಬಗೆ. ಎಂಜಿನ್ನಿನ ತಲೆಯ ಮೇಲೆ ಕೂರುವ ರೋಟರುಗಳ ಬಗೆ ಕಡಿಮೆ ಸುತ್ತಿನಲ್ಲೇ ಪೂರ್ತಿ ಒತ್ತಡ ಕೊಡುತ್ತದೆ. ಊರಿನ ರಸ್ತೆಯಲ್ಲಿ ಆಕ್ಸಿಲರೇಟರಿನ ಮೇಲೆ ಕಾಲಿಟ್ಟರೆ ಸಾಕು, ಕಾರು ಜಿಗಿಯುತ್ತದೆ, ಸುಖವೂ ಅದೇ, ಸಂಕಟವೂ ಅದೇ, ಏಕೆಂದರೆ ಹೊರಡುವಾಗ ಟೈರನ್ನು ಜಾರಿಸುವುದೂ ಆ ಒತ್ತಡವೇ. ಬೆಲ್ಟಿನಿಂದ ತಿರುಗುವ ಕೇಂದ್ರಾಪಗಾಮಿ ಬಗೆಯಲ್ಲಿ ಎಂಜಿನ್ನಿನ ಸುತ್ತು ಏರಿದಂತೆ ಒತ್ತಡ ಏರುತ್ತದೆ, ಹೊರಡುವಾಗ ಮೃದು, ಮೇಲಿನ ಸುತ್ತುಗಳಲ್ಲಿ ಉಗ್ರ. ಬೀದಿ ಮತ್ತು ಸ್ಟ್ರಿಪ್ ಎರಡನ್ನೂ ಸಾಧಾರಣ ಟೈರಿನಲ್ಲಿ ನಿಭಾಯಿಸಬೇಕಾದವರಿಗೆ ನಾನು ಎರಡನೆಯದನ್ನು ಹೇಳುತ್ತೇನೆ. ಯಾವ ಬಗೆಯದಾದರೂ ಸರಿ, ಗಾಳಿಯನ್ನು ಒತ್ತಿದರೆ ಗಾಳಿ ಬಿಸಿಯಾಗುತ್ತದೆ. ಒಂದು ಓಟಕ್ಕೂ ಮುಂದಿನದಕ್ಕೂ ನಡುವೆ ಬಾನೆಟ್ ತೆರೆದು ತಣಿಯಲು ಬಿಡದಿದ್ದರೆ ಎರಡನೆಯ ಓಟದ ಅಂಕಿ ನಿಮಗೇ ಹೇಳುತ್ತದೆ.

ಇಂಧನದ ಮಾತಿಲ್ಲದೆ ಇದು ಪೂರ್ತಿಯಾಗದು. 2018ರ ನಂತರದ ಕೊಯೋಟಿಯ ಕಂಪ್ರೆಷನ್ ಅನುಪಾತ 12ಕ್ಕೆ 1, ಅಂದರೆ ಸಿಲಿಂಡರಿನೊಳಗೆ ಬಂದದ್ದನ್ನು ಅದು ಹನ್ನೆರಡನೇ ಒಂದು ಭಾಗಕ್ಕೆ ಒತ್ತುತ್ತದೆ. ಅಂಥ ಎಂಜಿನ್ನಿಗೆ ಮೇಲಿನಿಂದ ಗಾಳಿ ತುಂಬಿದರೆ ಪೆಟ್ರೋಲು ಹೊತ್ತಿಗೆ ಮುಂಚೆ ಸಿಡಿಯುವ ಅಪಾಯ ಹೆಚ್ಚು. ಹೆಚ್ಚು ಎಥನಾಲ್ ಇರುವ ಇ85 ಇಲ್ಲಿ ಅಗ್ಗದ ಪರಿಹಾರ. ಅದರ ಆಕ್ಟೇನ್, ಅಂದರೆ ಹಾಗೆ ಸಿಡಿಯದೆ ತಾಳುವ ಗುಣ, ಹೆಚ್ಚು, ಆವಿಯಾಗುವಾಗ ಒಳಬರುವ ಗಾಳಿಯನ್ನು ತಣಿಸುತ್ತದೆ. ಆದರೆ ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಗಾಳಿ 14.7 ಪಾಲು ಬೇಕಾದರೆ ಇದಕ್ಕೆ 10 ಪಾಲಿಗೂ ಕಡಿಮೆ ಸಾಕು, ಅಂದರೆ ಅದೇ ಗಾಳಿಗೆ ಇಂಧನ ಬಹಳ ಹೆಚ್ಚು ಹರಿಯಬೇಕು. ಆದ್ದರಿಂದ ಪಂಪು, ಇಂಜೆಕ್ಟರುಗಳು ದೊಡ್ಡವಾಗಬೇಕು. ಹೆಸರಿನಲ್ಲಿ 85 ಇದ್ದರೂ ಅಮೆರಿಕದ ಬಂಕುಗಳಲ್ಲಿ ಎಥನಾಲ್ ಪ್ರಮಾಣ ಋತುವಿಗೆ ತಕ್ಕಂತೆ ನೂರಕ್ಕೆ 51ರಿಂದ 83ರವರೆಗೆ ಬದಲಾಗುತ್ತದೆ. ಅದನ್ನು ಅಳೆದು ಕಂಪ್ಯೂಟರಿಗೆ ತಿಳಿಸುವ ಸೆನ್ಸರ್ ಇಲ್ಲದೆ ಇ85 ಹಾಕಿಸಿಕೊಳ್ಳುವುದು ಜೂಜು. ಕಾನೂನನ್ನೂ ಮರೆಯಬೇಡಿ: ಮಿಶಿಗನ್ನಿನಲ್ಲಿ ನಿಯಮಿತ ಹೊಗೆ ತಪಾಸಣೆ ಇಲ್ಲ ಎಂದ ಮಾತ್ರಕ್ಕೆ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತುಹಾಕಬಹುದು ಎಂದಲ್ಲ, ಕೇಂದ್ರದ ಕ್ಲೀನ್ ಏರ್ ಆ್ಯಕ್ಟ್ ಅದನ್ನು ನಿಷೇಧಿಸುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಬಳಸಲು ಅನುಮತಿ ಸಂಖ್ಯೆ ಪಡೆದ ಸೂಪರ್‌ಚಾರ್ಜರ್ ಕಿಟ್‌ಗಳು ಸಿಗುತ್ತವೆ, ಅವನ್ನೇ ಕೊಳ್ಳಿ.

ಕಾರು ವೇಗವಾದಷ್ಟೂ ನಿಯಮಪುಸ್ತಕ ದಪ್ಪವಾಗುತ್ತದೆ. ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ 1951ರಿಂದ ಈ ಕ್ರೀಡೆಯ ನಿಯಮಗಳನ್ನು ನೋಡಿಕೊಳ್ಳುತ್ತಿದೆ. ಸಮಯ 13.99 ಸೆಕೆಂಡು ಅಥವಾ ಅದಕ್ಕೂ ಕಡಿಮೆಯಾದರೆ ಹೆಲ್ಮೆಟ್ ಕಡ್ಡಾಯ, 11.49 ಅಥವಾ ಅದಕ್ಕೂ ಕಡಿಮೆಯಾದರೆ ಸಾಮಾನ್ಯವಾಗಿ ರೋಲ್ ಬಾರ್, ಅಂದರೆ ಕಾರು ಮಗುಚಿದರೆ ಒಳಗಿನವರನ್ನು ಕಾಯುವ ಉಕ್ಕಿನ ಕೊಳವೆ, ಬೇಕು. ಏರ್‌ಬ್ಯಾಗ್, ಎಬಿಎಸ್ ಎಲ್ಲ ಹಾಗೆಯೇ ಇರುವ ಹೊಸ ಕಾರ್ಖಾನೆ ಕಾರುಗಳಿಗೆ ಇದರಲ್ಲಿ ಸಡಿಲಿಕೆ ಇದೆ, ಆಯಾ ವರ್ಷದ ಪುಸ್ತಕ ನೋಡಿಕೊಳ್ಳಿ. 2018ರ ಡಾಜ್ ಡೀಮನ್ 840 ಅಶ್ವಶಕ್ತಿಯಲ್ಲಿ 9.65 ಸೆಕೆಂಡು ಓಡಿದಾಗ ಈ ಸಂಸ್ಥೆ ಸುರಕ್ಷತಾ ಪಂಜರವಿಲ್ಲದ ಕಾರಿಗೆ ಅದು ಅತಿಯಾಯಿತೆಂದಿತು, ಡಾಜ್ ಆ ಮಾತನ್ನೇ ಜಾಹೀರಾತಾಗಿ ಬಳಸಿಕೊಂಡಿತು. ರೋಲ್ ಬಾರ್ ವಿಷಯದಲ್ಲಿ ಮಾತ್ರ ನಾನು ಖಡಾಖಂಡಿತ. ಹೆಲ್ಮೆಟ್ ಇಲ್ಲದೆ ರಸ್ತೆಯಲ್ಲಿ ಹೋಗುವಾಗ ಹಿಂದಿನಿಂದ ಯಾರಾದರೂ ಗುದ್ದಿದರೆ ಅದೇ ಉಕ್ಕಿನ ಕೊಳವೆಗೆ ನಿಮ್ಮ ತಲೆ ಬಡಿಯಬಹುದು. ರೋಲ್ ಬಾರ್ ಕೇಳುವಷ್ಟು ಕಾರು ವೇಗವಾಯಿತೆಂದರೆ ಅದು ಮಕ್ಕಳನ್ನು ಶಾಲೆಗೆ ಬಿಡುವ ಕಾರಾಗಿ ಉಳಿಯಲಿಲ್ಲ.

ಇಷ್ಟನ್ನೂ ಒಟ್ಟಿಗೆ ಪರೀಕ್ಷಿಸುವ ಪಂದ್ಯವೊಂದು 2005ರಿಂದ ನಡೆಯುತ್ತಿದೆ, ಹೆಸರು ಡ್ರ್ಯಾಗ್ ವೀಕ್. ಐದು ದಿನ ಡ್ರ್ಯಾಗ್ ಓಟ, ಒಂದು ಸ್ಟ್ರಿಪ್‌ನಿಂದ ಮುಂದಿನದಕ್ಕೆ ಅದೇ ಕಾರನ್ನು ಸಾರ್ವಜನಿಕ ರಸ್ತೆಯಲ್ಲಿ ಓಡಿಸಿಕೊಂಡು ಹೋಗಬೇಕು, ಒಟ್ಟು ಸುಮಾರು ಸಾವಿರ ಮೈಲಿ. ಅಲ್ಲಿ ಕಾರುಗಳು ರಸ್ತೆಬದಿಯಲ್ಲಿ ನಿಲ್ಲುವುದು ಹೆಚ್ಚಾಗಿ ಶಕ್ತಿಯ ಕೊರತೆಯಿಂದಲ್ಲ, ಬಿಸಿಯಿಂದ, ಬೇರಿಂಗಿನಿಂದ, ಸೋರುವ ಕೊಳವೆಯಿಂದ. ನಿಮ್ಮ ಕಾರಿಗೆ ಏನು ಸೇರಿಸಬೇಕೆಂದು ಗೊಂದಲವಾದಾಗ ಆ ಪಂದ್ಯದಲ್ಲಿ ಕೊನೆಯ ದಿನದವರೆಗೂ ಓಡಿದ ಕಾರುಗಳ ಬಾನೆಟ್ಟಿನೊಳಗೆ ಇಣುಕಿ ನೋಡಿ.

ಬೆಂಗಳೂರಿನಲ್ಲಿ ಇದನ್ನೆಲ್ಲ ಮಾಡಬಹುದೇ ಎಂದು ಈಗಾಗಲೇ ಇಬ್ಬರು ಚೀಟಿ ಕಳಿಸಿದ್ದೀರಿ. ಈ ಪೀಳಿಗೆಯ ಮಸ್ಟಾಂಗ್ ಬಲಗಡೆ ಸ್ಟೀರಿಂಗಿನೊಂದಿಗೆ 2016ರಲ್ಲಿ ಭಾರತಕ್ಕೆ ಬಂದಿತ್ತು, ಎಂಜಿನ್ನಿನ ಶಕ್ತಿಯನ್ನು ಅಲ್ಲಿಗಾಗಿ 401 ಪಿಎಸ್‌ಗೆ (ಮೆಟ್ರಿಕ್ ಅಶ್ವಶಕ್ತಿಗೆ) ಇಳಿಸಿದ್ದರು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವುದರಿಂದ ಅಲ್ಲಿನ ಗಾಳಿಯ ಒತ್ತಡವೇ ಸುಮಾರು ನೂರಕ್ಕೆ 10ರಷ್ಟು ಕಡಿಮೆ, ಸೂಪರ್‌ಚಾರ್ಜರ್ ಇಲ್ಲದ ಎಂಜಿನ್ ಅಷ್ಟೇ ಶಕ್ತಿ ಕಳೆದುಕೊಳ್ಳುತ್ತದೆ. ಆದರೆ ಘನಮೂಲ ಇಲ್ಲಿ ನಮ್ಮ ಪರವಾಗಿದೆ, ಸಮಯದಲ್ಲಿ ನಷ್ಟ ನೂರಕ್ಕೆ ಮೂರೂವರೆಯಷ್ಟೇ. ಇ20 ಪೆಟ್ರೋಲ್ ದೇಶದಲ್ಲಿ ಮೊದಲು ಬಿಡುಗಡೆಯಾದದ್ದು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಆದರೂ, ಅದನ್ನು ಇ85 ಎಂದು ಭಾವಿಸಿ ಸೂಪರ್‌ಚಾರ್ಜರ್ ಟ್ಯೂನ್ ಮಾಡಲು ಹೋಗಬೇಡಿ. ಅದಕ್ಕಿಂತ ದೊಡ್ಡ ತಡೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ: ನೋಂದಣಿ ಪತ್ರದ ವಿವರಗಳು ತಯಾರಕರು ಮೊದಲು ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಅಲ್ಲಿ ಮಸ್ಟಾಂಗ್ ಇರುವ ಗೆಳೆಯರಿಗೆ ನಾನು ಹೇಳುವುದು ಇಷ್ಟು: ಎಂಜಿನ್ನನ್ನು ಹಾಗೆಯೇ ಬಿಡಿ, ಸಬ್‌ಫ್ರೇಮಿನ ಬುಷ್‌ಗಳಿಗೆ ತುಂಡು ಸೇರಿಸಿ, ಹಂಪ್‌ಗಳಿಗೆ ತಾಗುವಷ್ಟು ಕಾರನ್ನು ಇಳಿಸಬೇಡಿ. ಅಧಿಕೃತವಾಗಿ ನಡೆಸುವ ಡ್ರ್ಯಾಗ್ ಕೂಟಕ್ಕೆ ಹೋಗುವ ದಿನ ಡ್ರ್ಯಾಗ್ ರೇಡಿಯಲ್ ಟೈರುಗಳನ್ನು ಡಿಕ್ಕಿಯಲ್ಲಿ ಹಾಕಿಕೊಂಡು ಹೋಗಿ, ಅಲ್ಲೇ ಜ್ಯಾಕ್ ಕೊಟ್ಟು ಬದಲಿಸಿಕೊಳ್ಳಿ. ಈ ಕಾರಿನ ಚಕ್ರದ ನಟ್ಟುಗಳನ್ನು 204 ನ್ಯೂಟನ್ ಮೀಟರ್‌ಗೆ ಬಿಗಿಯಬೇಕು, ಆದ್ದರಿಂದ ಟಾರ್ಕ್ ವ್ರೆಂಚನ್ನೂ ಮರೆಯದೆ ಒಯ್ಯಿರಿ.